ಇಲಿಯ ಮೂತ್ರಕೋಶ ಕಲಿಸಿದ್ದು

ಚೀನಾದ ಗುವಾಂಗ್‌ಝೌ ನಗರದ ಪ್ರಯೋಗಾಲಯವೊಂದರಲ್ಲಿ ಎರಡು ವರ್ಷ ದುಡಿದೆ. ತುಂಡಾದ ಬೆನ್ನುಹುರಿ ಚೇತರಿಸಲು ವಿದ್ಯುತ್ ಹರಿಸಿದ ಅಕ್ಯುಪಂಕ್ಚರ್ ಸೂಜಿ ನೆರವಾದೀತೇ ಎಂದು ಇಲಿಗಳಲ್ಲಿ ನೋಡುವ ಕೆಲಸ. "ಇಲಿಗೆ ಸೂಜಿ ಚುಚ್ಚಲು ಅಷ್ಟು ದೂರ ಹೋಗಬೇಕಿತ್ತೇ?" ಎಂದು ಊರಿನಲ್ಲಿ ನಗುತ್ತಿದ್ದರು. ಆ ಕೆಲಸದಲ್ಲಿ ಸುಲಭವಾದದ್ದೇ ಸೂಜಿ.

ಇಲಿಯ ಬೆನ್ನುಹುರಿಯನ್ನು ಎದೆಭಾಗದ ಹತ್ತನೆಯ ಕಶೇರುಕದ ಮಟ್ಟದಲ್ಲಿ ಪೂರ್ತಿ ತುಂಡರಿಸಿ, ಆ ತೆರಪಿಗೆ ಅಸ್ಥಿಮಜ್ಜೆಯ ಕಾಂಡಕೋಶಗಳನ್ನು (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶಗಳನ್ನು) ತುಂಬಿದ ಜೆಲಾಟಿನ್ ಸ್ಪಂಜು ಇಡುತ್ತಿದ್ದೆವು. ಉರಿಯೂತದ ಆ ಜಾಗದಲ್ಲಿ ಬಹುಪಾಲು ಕೋಶಗಳು ಸಾಯುತ್ತವೆ. ಸೂಜಿಗಳ ಮೂಲಕ ವಿದ್ಯುತ್ ಹರಿಸಿದರೆ ಗಾಯದ ಸುತ್ತ ನ್ಯೂರೋಟ್ರೋಫಿನ್-3 ಎಂಬ ಪೋಷಕ ಪ್ರೋಟೀನ್ ಹೆಚ್ಚುತ್ತದೆ. ಅದರ ನೆರವಿನಿಂದ ಕಾಂಡಕೋಶಗಳು ಬದುಕುಳಿಯಲೆಂದು, ಅದನ್ನು ಹಿಡಿದುಕೊಳ್ಳುವ ಗ್ರಾಹಕ ಪ್ರೋಟೀನ್ ಹೇರಳವಾಗಿರುವಂತೆ ಅವುಗಳ ಜೀನನ್ನು ಮೊದಲೇ ತಿದ್ದಿರುತ್ತಾರೆ. ಸನ್ ಯಾಟ್-ಸೆನ್ ವಿಶ್ವವಿದ್ಯಾಲಯದ ಝೆಂಗ್ ಯುವಾನ್‌ಶಾನ್ ತಂಡ ಬೆಳೆಸಿದ ದಾರಿ ಇದು. ನಾವೂ ಅದನ್ನೇ ಹಿಡಿದೆವು. ಬೆನ್ನಿನ ನಡುಗೆರೆಯಲ್ಲಿ, ಗಾಯದ ಮೇಲೊಂದು ಕೆಳಗೊಂದು ಸೂಜಿ. 60 ಮತ್ತು 2 ಹರ್ಟ್ಸ್ ಸರದಿಯಲ್ಲಿ, 1 ಮಿಲಿಆಂಪಿಯರ್ ಮೀರದಂತೆ, ದಿನ ಬಿಟ್ಟು ದಿನ 20 ನಿಮಿಷ.

ಆದರೆ ಹುರಿ ತುಂಡಾದ ಇಲಿಗೆ ತಾನಾಗಿ ಮೂತ್ರ ಮಾಡಲಾಗದು. ದಿನಕ್ಕೆ ಎರಡು ಮೂರು ಬಾರಿ ಹೊಟ್ಟೆಯನ್ನು ಒತ್ತಿ ಹೊರಡಿಸಬೇಕು. ತುಂಬಿದ ಮೂತ್ರಕೋಶ ಬೆರಳಿಗೆ ಬೆಟ್ಟದ ನೆಲ್ಲಿಕಾಯಿಯಂತೆ ಗಟ್ಟಿಯಾಗಿ ಸಿಗುತ್ತಿತ್ತು. ಮೊದಲ ವಾರ ಹೆದರಿಕೊಂಡು ಅರ್ಧವಷ್ಟೇ ಖಾಲಿ ಮಾಡಿದೆ. ಮೂತ್ರದಲ್ಲಿ ರಕ್ತ ಕಂಡಿತು, ಸೋಂಕಿನಿಂದ ಮೂರು ಇಲಿಗಳು ಸತ್ತವು. ಕಾಂಡಕೋಶವೂ ವಿದ್ಯುತ್ತೂ ಅವನ್ನು ಉಳಿಸಲಿಲ್ಲ. ದೀಪಾವಳಿಯ ರಾತ್ರಿಯೂ ನಾನು ಪಂಜರಗಳ ಮುಂದೆಯೇ ಇದ್ದೆ.

ಇನ್ನೊಂದು ಪೆಟ್ಟು, ನನ್ನ ಆತುರದ್ದು. ನಡಿಗೆಯನ್ನು 0ರಿಂದ (ಚಲನೆಯೇ ಇಲ್ಲ) 21ರವರೆಗಿನ (ಸಹಜ ನಡಿಗೆ) ಬಿಬಿಬಿ ಎಂಬ ಮಾಪನದಲ್ಲಿ ಅಳೆಯುತ್ತೇವೆ. ಒಂದು ಇಲಿಯ ಹಿಂಗಾಲು ಚೆನ್ನಾಗಿ ಮಡಚಿ ಚಾಚಿದ್ದನ್ನು ಕಂಡು ಎಲ್ಲರನ್ನೂ ಕರೆದೆ. ಯಾವ ಇಲಿಗೆ ಯಾವ ಚಿಕಿತ್ಸೆಯೆಂದು ತಿಳಿಯದ ಗೆಳತಿ ವಿಡಿಯೋ ನೋಡಿ ನನಗಿಂತ ತೀರ ಕಡಿಮೆ ಅಂಕ ಕೊಟ್ಟಳು. ನೆಲಕ್ಕೆ ಹೊಟ್ಟೆ ತಾಗಿದಾಗಲೆಲ್ಲ ಕಾಲು ತಾನಾಗಿ ಸೆಳೆಯುತ್ತಿತ್ತು, ಅಷ್ಟೇ; ಅದು ನಡಿಗೆಯಲ್ಲ.

ಆ ವರ್ಷವೇ ಸೋದರಮಾವ ಕರೆ ಮಾಡಿದರು. ಪಕ್ಕದ ಮನೆಯ ಹುಡುಗ ಅಡಿಕೆ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ. ಯಾರೋ ಕಾಂಡಕೋಶದ ಚುಚ್ಚುಮದ್ದಿಗೆ ಲಕ್ಷಗಟ್ಟಲೆ ಕೇಳಿದ್ದರಂತೆ.

"ನಿನ್ನದೇ ಕೆಲಸವಲ್ಲವೇ, ಕೊಡಿಸೋಣವೇ?"

"ಬೇಡ ಮಾವ. ನಾವು ಇನ್ನೂ ಇಲಿಯಲ್ಲೇ ಇದ್ದೇವೆ. ಅವನಿಗೆ ಮೂತ್ರದ ನಳಿಕೆ ಹಾಕುವವರು ಯಾರು? ದಿನಕ್ಕೆ ಎಷ್ಟು ಸಲ?"

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನನ್ನು ಹುಡುಗನ ತಾಯಿಯ ಕೈಗೆ ಕೊಟ್ಟರು.