ಓದುವವರ ಜೊತೆಗೆ ಬಂದವರಿಗೆ: ಅರ್ಬಾನಾ-ಶಾಂಪೇನ್‌ಗೆ ಹೊಸಬರ ಮಾರ್ಗದರ್ಶಿ

ಪ್ರತಿ ಆಗಸ್ಟ್‌ನಲ್ಲಿ ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪಿಗೆ ಅದೇ ಅದೇ ಪ್ರಶ್ನೆಗಳು ಬರುತ್ತವೆ. ಸೋನಾ ಮಸೂರಿ ಎಲ್ಲಿ ಸಿಗುತ್ತದೆ? ಮಗನನ್ನು ಶಾಲೆಗೆ ಸೇರಿಸುವುದು ಹೇಗೆ? ಊರಿನ ಮಿಕ್ಸಿ ಇಲ್ಲಿ ತಿರುಗುತ್ತದಾ? ಅಮೆರಿಕದ ಈ ಜೋಡಿ ಊರಿನ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಓದಲು ಬಂದವರಿಗೆ ದಾರಿ ತೋರಿಸಲು ಯೂನಿವರ್ಸಿಟಿಯೇ ಇದೆ. ಓರಿಯೆಂಟೇಶನ್, ಈಮೇಲ್, ಅಡ್ವೈಸರ್ ಎಲ್ಲ ಅವರಿಗೇ. ಜೊತೆಗೆ ಬಂದ ಹೆಂಡತಿಗೋ ಗಂಡನಿಗೋ ಒಂದು ಈಮೇಲೂ ಬರುವುದಿಲ್ಲ. ನಾನೂ ಹಾಗೆ ಬಂದವಳೇ. ಅದಕ್ಕೇ ಇದನ್ನು ಮುಖ್ಯವಾಗಿ ಅವರಿಗೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಲೆಕ್ಕ ಹೇಳಿಬಿಡುತ್ತೇನೆ. ಆಗಸ್ಟ್ ಮಧ್ಯದಿಂದ ಅಕ್ಟೋಬರ್ ಕೊನೆಯವರೆಗೆ ನಿಮ್ಮ ಕೈಯಲ್ಲಿ ಹನ್ನೊಂದು ವಾರ ಇದೆ. ಹವೆ ಚೆನ್ನಾಗಿರುತ್ತದೆ, ಎಲ್ಲರೂ ಹೊಸಬರೇ, ಯಾರನ್ನು ಮಾತಾಡಿಸಿದರೂ ಮಾತಾಡುತ್ತಾರೆ. ಆಮೇಲೆ ಚಳಿ. ಈ ಹನ್ನೊಂದು ವಾರದಲ್ಲಿ ನಾಲ್ಕು ಮನೆ ಪರಿಚಯ ಮಾಡಿಕೊಂಡವರಿಗೆ ಜನವರಿ ಹೇಗೋ ಕಳೆಯುತ್ತದೆ. ಮನೆ ಸೆಟ್ ಆಗಲಿ, ಆಮೇಲೆ ನೋಡೋಣ ಅಂದವರಿಗೆ ಕಷ್ಟ.

ಮನೆ, ಸಾಮಾನು

ಇಲ್ಲಿನ ಬಾಡಿಗೆ ಕರಾರುಗಳು ಹೆಚ್ಚಾಗಿ ಆಗಸ್ಟ್‌ನಿಂದ ಆಗಸ್ಟ್‌ಗೆ. ಮುಂದಿನ ವರ್ಷದ ಮನೆಗೆ ಅಕ್ಟೋಬರ್‌ನಲ್ಲೇ ಸಹಿ ಹಾಕಿ ಅಂತ ಒತ್ತಾಯ ಶುರುವಾಗುತ್ತದೆ. ಗಾಬರಿಯಾಗಬೇಡಿ. ಕರಾರಿನ ಕಾಗದವನ್ನು ಮೊದಲು ಯೂನಿವರ್ಸಿಟಿಯ ಆಫ್-ಕ್ಯಾಂಪಸ್ ಕಮ್ಯುನಿಟಿ ಲಿವಿಂಗ್ ಕಚೇರಿಗೆ ತೋರಿಸಿ. ವಿದ್ಯಾರ್ಥಿಗಳಿಗೆ ಅವರು ಪುಕ್ಕಟೆಯಾಗಿ ಓದಿ ಹೇಳುತ್ತಾರೆ. ಮನೆಯೊಳಗೆ ಕಾಲಿಟ್ಟ ದಿನವೇ ಗೋಡೆ, ಕಾರ್ಪೆಟ್, ಒಲೆ, ಫ್ರಿಜ್ಜಿನ ಒಳಗು ಎಲ್ಲದರ ಫೋಟೊ ತೆಗೆದು ಮಾಲೀಕರಿಗೆ ಈಮೇಲ್ ಮಾಡಿ. ನಾವು ಮಾಡಿರಲಿಲ್ಲ. ನಮಗಿಂತ ಮುಂಚೆ ಇದ್ದವರು ಮಾಡಿದ ಕಾರ್ಪೆಟ್ ಕಲೆಗೆ ನಮ್ಮ ಅಡ್ವಾನ್ಸ್ ಹಣ ಹೋಯಿತು.

ಸಂಸಾರ ಸಮೇತ ಬಂದವರಿಗೆ ಯೂನಿವರ್ಸಿಟಿಯದ್ದೇ ಮನೆಗಳಿರುವ ಆರ್ಚರ್ಡ್ ಡೌನ್ಸ್ ಇದೆ, ಅರ್ಬಾನಾ ಕಡೆ. ಮನೆಗಳು ಹಳೆಯವು, ನಿಜ. ಆದರೆ ಬಾಗಿಲು ತೆಗೆದರೆ ಹುಲ್ಲು, ಹುಲ್ಲಿನ ಮೇಲೆ ಹತ್ತು ದೇಶದ ಮಕ್ಕಳು. ಮಕ್ಕಳಿದ್ದರೆ ಚಂದದ ಅಪಾರ್ಟ್‌ಮೆಂಟಿಗಿಂತ ನನ್ನ ಓಟು ಇದಕ್ಕೇ.

ಸಾಮಾನು ಹೊಸದು ಕೊಳ್ಳಬೇಡಿ. ಯೂನಿವರ್ಸಿಟಿ ವೈಎಂಸಿಎ ಪ್ರತಿ ಆಗಸ್ಟ್‌ನಲ್ಲಿ 'ಡಂಪ್ ಅಂಡ್ ರನ್' ಅಂತ ಒಂದು ಮಾರಾಟ ನಡೆಸುತ್ತದೆ. ಮೇ ತಿಂಗಳಲ್ಲಿ ಊರು ಬಿಡುವ ವಿದ್ಯಾರ್ಥಿಗಳು ಬಿಟ್ಟುಹೋದ ಮೇಜು, ಕುರ್ಚಿ, ದೀಪ, ಪಾತ್ರೆ, ಸೈಕಲ್ ಎಲ್ಲವನ್ನೂ ಬೇಸಿಗೆಯಿಡೀ ಕೂಡಿಟ್ಟು ಅಗ್ಗದಲ್ಲಿ ಮಾರುತ್ತಾರೆ. ಬಾಗಿಲು ತೆಗೆಯುವ ಮೊದಲೇ ಹೋಗಿ ಸಾಲಲ್ಲಿ ನಿಲ್ಲಿ, ಒಳ್ಳೆಯದೆಲ್ಲ ಬೇಗ ಖಾಲಿ. ರಸ್ತೆ ಬದಿಯಲ್ಲೂ ಸೋಫಾ, ಹಾಸಿಗೆ ಸುಮ್ನೆ ಬಿದ್ದಿರುತ್ತವೆ. ಮರದ ಮೇಜನ್ನು ಧಾರಾಳವಾಗಿ ಎತ್ತಿಕೊಂಡು ಬನ್ನಿ. ಹಾಸಿಗೆ, ಸೋಫಾ ಮಾತ್ರ ಬೇಡ, ತಿಗಣೆ ಬಂದರೆ ಬಿಡುವುದಿಲ್ಲ.

ಇನ್ನು ಮಿಕ್ಸಿ. ನಮ್ಮಲ್ಲಿ 230 ವೋಲ್ಟ್, ಇಲ್ಲಿ 120. ಊರಿನ ಮಿಕ್ಸಿ ಇಲ್ಲಿ ಮುಲುಗುತ್ತದೆಯೇ ಹೊರತು ತೆಂಗಿನಕಾಯಿ ನುಣ್ಣಗಾಗುವುದಿಲ್ಲ. ಅದಕ್ಕೆ ಬೇಕಾದ ಟ್ರಾನ್ಸ್‌ಫಾರ್ಮರ್ ಇಟ್ಟಿಗೆಯಷ್ಟು ಭಾರ. ಇಲ್ಲಿನ ಕರೆಂಟಿಗೆ ಮಾಡಿದ ಮಿಕ್ಸಿ ಇಂಡಿಯನ್ ಅಂಗಡಿಗಳಲ್ಲೇ ಸಿಗುತ್ತದೆ. ಸೂಟ್‌ಕೇಸಿನ ಆ ಜಾಗದಲ್ಲಿ ಕುಕ್ಕರು, ಅದರ ಎರಡು ಗ್ಯಾಸ್ಕೆಟ್ಟು, ಸಾರಿನ ಪುಡಿ ತನ್ನಿ.

ಒಗ್ಗರಣೆ ಹಾಕುವಾಗ ಕಿಟಕಿ ತೆಗೆದು ಒಲೆ ಮೇಲಿನ ಫ್ಯಾನ್ ಹಾಕಿ. ಬ್ಯಾಡಗಿ ಮೆಣಸಿನ ಘಾಟಿಗೆ ಹೊಗೆಯ ಅಲಾರಂ ಕೂಗಿಯೇ ಕೂಗುತ್ತದೆ. ಕೂಗಿದರೆ ಅದರ ಕೆಳಗೆ ನಿಂತು ಟವೆಲ್ ಬೀಸಿ. ಅದಕ್ಕೆ ಪ್ಲಾಸ್ಟಿಕ್ ಕವರ್ ಕಟ್ಟುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಬೇಡಿ, ತಪ್ಪಾಗುತ್ತದೆ, ಅಪಾಯವೂ ಹೌದು.

ಓಡಾಟ

ಕಾರಿಲ್ಲದೆ ಬದುಕಬಹುದಾದ ಅಮೆರಿಕದ ಸಣ್ಣ ಊರುಗಳಲ್ಲಿ ಇದೊಂದು. ಐ-ಕಾರ್ಡ್, ಅಂದರೆ ಯೂನಿವರ್ಸಿಟಿಯ ಗುರುತಿನ ಚೀಟಿ ಇದ್ದವರು ಇಲ್ಲಿನ ಸಿಟಿ ಬಸ್ಸು ಎಂಟಿಡಿಯಲ್ಲಿ ದುಡ್ಡು ಕೊಡಬೇಕಿಲ್ಲ. ಐ-ಕಾರ್ಡ್ ಇಲ್ಲದವರು, ಅಂದರೆ ನೀವು, ವರ್ಷದ ಪಾಸ್ ಮಾಡಿಸಿಕೊಳ್ಳಿ. ಇದನ್ನು ಮುಂದೂಡಬೇಡಿ. ಪಾಸ್ ಕೈಯಲ್ಲಿದ್ದರೆ 'ಅವರು ಬರಲಿ, ಆಮೇಲೆ ಹೋಗೋಣ' ಅನ್ನುವುದು ತಪ್ಪುತ್ತದೆ. ವಾರದ ದಿನ, ಶನಿವಾರ, ಭಾನುವಾರ, ರಾತ್ರಿ ಇವಕ್ಕೆಲ್ಲ ಬೇರೆ ಬೇರೆ ವೇಳಾಪಟ್ಟಿ. ಯೂನಿವರ್ಸಿಟಿಗೆ ರಜೆ ಇದ್ದರೆ ಬಸ್ಸೂ ಕಡಿಮೆ.

ಶಿಕಾಗೊ ಇಲ್ಲಿಂದ ಸುಮಾರು 135 ಮೈಲಿ. ಶಾಂಪೇನ್ ಪೇಟೆಯ ಇಲಿನಾಯ್ ಟರ್ಮಿನಲ್‌ನಿಂದ ಆಮ್‌ಟ್ರ್ಯಾಕ್ ರೈಲಿದೆ, ಮುಂಚೆಯೇ ಬುಕ್ ಮಾಡಿದರೆ ಟಿಕೆಟ್ ಅಗ್ಗ. ಡೆವನ್ ಅವೆನ್ಯೂವಿನ ಇಂಡಿಯನ್ ಅಂಗಡಿಗಳು, ಅರೋರಾದ ಬಾಲಾಜಿ ದೇವಸ್ಥಾನ, ಲೆಮಾಂಟ್‌ನ ರಾಮನ ಗುಡಿ ಎಲ್ಲ ಆ ಕಡೆಗೇ. ದೇವಸ್ಥಾನಗಳು ಊರ ಹೊರಗಿವೆ, ರೈಲಿಳಿದು ನಡೆದುಹೋಗಬಹುದು ಅಂದುಕೊಳ್ಳಬೇಡಿ. ಕೂಟದವರ ಕಾರಿನಲ್ಲಿ ಜಾಗ ಕೇಳಿ. ಪೆಟ್ರೋಲ್ ಹಂಚಿಕೊಂಡರೆ ಯಾರೂ ಬೇಡ ಅನ್ನುವುದಿಲ್ಲ.

ಆಸ್ಪತ್ರೆ ಮತ್ತು ಶಾಲೆ

ಇದನ್ನು ಎರಡು ಸಲ ಓದಿ. ವಿದ್ಯಾರ್ಥಿಯ ಆರೋಗ್ಯ ವಿಮೆ ಫೀಸಿನ ಜೊತೆಗೇ ಬಂದುಬಿಡುತ್ತದೆ. ಮನೆಯವರ ಹೆಸರು ತಾನಾಗಿ ಸೇರುವುದಿಲ್ಲ. ಸೆಮಿಸ್ಟರ್ ಶುರುವಿನಲ್ಲಿ ಕೆಲವೇ ದಿನ ಅವಕಾಶ ಇರುತ್ತದೆ, ಆಗಲೇ ಅರ್ಜಿ ಹಾಕಿ ಸೇರಿಸಬೇಕು. ಜೆ-1 (ಎಕ್ಸ್‌ಚೇಂಜ್) ವೀಸಾದಲ್ಲಿ ಬಂದವರ ಕುಟುಂಬಕ್ಕಂತೂ ವಿಮೆ ಕಡ್ಡಾಯ. ದುಬಾರಿ ಅನ್ನಿಸುತ್ತದೆ, ಹೌದು. ವಿಮೆಯಿಲ್ಲದೆ ಒಂದು ರಾತ್ರಿ ಎಮರ್ಜೆನ್ಸಿ ರೂಮಿಗೆ ಹೋಗಿ ಬಂದವರನ್ನು ಕೇಳಿ ನೋಡಿ. ಮಗುವಿಗೆ ಸಾಧಾರಣ ಜ್ವರ, ಕಿವಿನೋವು ಅಂದರೆ ಎಮರ್ಜೆನ್ಸಿ ಬೇಡ. ಅಪಾಯಿಂಟ್‌ಮೆಂಟ್ ಇಲ್ಲದೆ ನೋಡುವ ಅರ್ಜೆಂಟ್ ಕೇರ್ ಕ್ಲಿನಿಕ್‌ಗಳಿವೆ.

ಓದುವವರಿಗೆ ಯೂನಿವರ್ಸಿಟಿಯ ಮೆಕಿನ್ಲಿ ಹೆಲ್ತ್ ಸೆಂಟರ್ ಲಸಿಕೆಯ ದಾಖಲೆ, ಟಿಬಿ ತಪಾಸಣೆ ಕೇಳುತ್ತದೆ. ನಮಗೆಲ್ಲ ಹುಟ್ಟಿದಾಗಲೇ ಟಿಬಿಯ ಲಸಿಕೆ ಬಿಸಿಜಿ ಹಾಕಿರುತ್ತಾರಲ್ಲ, ಅದರಿಂದ ಚರ್ಮದ ಪರೀಕ್ಷೆಯಲ್ಲಿ ಸುಮ್ನೆ ಪಾಸಿಟಿವ್ ಬರಬಹುದು. ರಕ್ತ ಪರೀಕ್ಷೆಗೆ ಆ ತೊಂದರೆ ಇಲ್ಲ, ಅದನ್ನೇ ಕೇಳಿ.

ಸೆಪ್ಟೆಂಬರ್ 1ರೊಳಗೆ ಮಗುವಿಗೆ 5 ವರ್ಷ ತುಂಬಿದ್ದರೆ ಕಿಂಡರ್‌ಗಾರ್ಟನ್‌ಗೆ ಸೇರಿಸಬಹುದು. ಸರ್ಕಾರಿ ಶಾಲೆ, ಫೀಸು ಅನ್ನುವಂಥದ್ದು ಜಾಸ್ತಿ ಇಲ್ಲ. ಅರ್ಬಾನಾದಲ್ಲಿದ್ದರೆ ಡಿಸ್ಟ್ರಿಕ್ಟ್ 116, ಶಾಂಪೇನ್‌ನಲ್ಲಿದ್ದರೆ ಯೂನಿಟ್ 4. ಪಾಸ್‌ಪೋರ್ಟ್, ಜನನ ಪ್ರಮಾಣಪತ್ರ, ಬಾಡಿಗೆ ಕರಾರು, ಲಸಿಕೆ ಪುಸ್ತಕ ಜೊತೆಗಿರಲಿ. ಇಲಿನಾಯ್‌ನಲ್ಲಿ ಚಿಕನ್‌ಪಾಕ್ಸ್ ಲಸಿಕೆ ಎರಡು ಡೋಸ್ ಬೇಕು. ನಮ್ಮ ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಅದಿಲ್ಲ, ಎಷ್ಟೋ ಮಕ್ಕಳಿಗೆ ಆಗಿರುವುದಿಲ್ಲ. ಇನ್ನೂ ಹೊರಟಿಲ್ಲ ಅಂದರೆ ಊರಲ್ಲೇ ಹಾಕಿಸಿಕೊಂಡು, ತಾರೀಕು ಬರೆಸಿಕೊಂಡು ಬನ್ನಿ. ವೈದ್ಯಕೀಯ ತಪಾಸಣೆಯ ಫಾರ್ಮ್ ಅಕ್ಟೋಬರ್ 15ರೊಳಗೆ ಕೊಡಬೇಕು, ಮೊದಲ ಸಲ ಸೇರುವವರಿಗೆ ಕಣ್ಣಿನ ತಪಾಸಣೆಯೂ ಇದೆ.

ಎಫ್-2, ಜೆ-2: ಏನು ಮಾಡಬಹುದು?

ಎಫ್-2, ಅಂದರೆ ಎಫ್-1 ವೀಸಾದ ವಿದ್ಯಾರ್ಥಿಯ ಗಂಡ, ಹೆಂಡತಿ, ಮಕ್ಕಳ ವೀಸಾದಲ್ಲಿ ಸಂಬಳದ ಕೆಲಸ ಮಾಡುವಂತಿಲ್ಲ. ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುತ್ತೇನೆ ಅನ್ನುವವರು, ಪಕ್ಕದ ಮನೆಯವರನ್ನಲ್ಲ, ವಲಸೆ ಕಾನೂನಿನ ವಕೀಲರನ್ನು ಕೇಳಿ. ಜೆ-2 (ಜೆ-1ರವರ ಕುಟುಂಬದ ವೀಸಾ) ಆದರೆ ಕೆಲಸದ ಪರವಾನಗಿಗೆ ಅರ್ಜಿ ಹಾಕಬಹುದು. ತಿಂಗಳುಗಳೇ ಹಿಡಿಯಬಹುದು, ಬಂದ ತಕ್ಷಣ ಹಾಕಿಬಿಡಿ.

ಎಫ್-2 ಇದ್ದರೂ ಪಾರ್ಟ್‌ಟೈಮ್ ಓದಬಹುದು. ಶಾಂಪೇನ್‌ನ ಪಾರ್ಕ್‌ಲ್ಯಾಂಡ್ ಕಾಲೇಜಿನಲ್ಲಿ ಇಂಗ್ಲಿಷ್, ಅಕೌಂಟಿಂಗ್, ಕಂಪ್ಯೂಟರ್ ಎಲ್ಲ ಇದೆ, ಸಂಜೆ ತರಗತಿಗಳೂ ಇವೆ. ಫುಲ್‌ಟೈಮ್ ಓದಬೇಕಾದರೆ ವೀಸಾ ಎಫ್-1ಕ್ಕೆ ಬದಲಾಗಬೇಕು. ಸಂಬಳವಿಲ್ಲದ ಸ್ವಯಂಸೇವೆಗೆ ಅಡ್ಡಿಯಿಲ್ಲ. ನಾನು ಲೈಬ್ರರಿಯಲ್ಲಿ ವಾರಕ್ಕೆರಡು ದಿನ ಪುಸ್ತಕ ಜೋಡಿಸುತ್ತಿದ್ದೆ. ಇಂಗ್ಲಿಷ್ ಮಾತಾಡುವ ಸಂಕೋಚ ಹೋಗಿದ್ದು ಅಲ್ಲೇ.

ಇನ್ನೆರಡು ಸಣ್ಣ ವಿಷಯ, ಮರೆತರೆ ದೊಡ್ಡದಾಗುತ್ತವೆ. ಮನೆ ಬದಲಿಸಿದರೆ 10 ದಿನದೊಳಗೆ ಹೊಸ ವಿಳಾಸ ತಿಳಿಸಬೇಕು. ಸಂಪಾದನೆ ಇಲ್ಲದಿದ್ದರೂ ಫಾರ್ಮ್ 8843 ತುಂಬಿ ತೆರಿಗೆ ಇಲಾಖೆಗೆ ಕಳಿಸಬೇಕು, ನಿಮ್ಮದೊಂದು, ಎಫ್-2 ವೀಸಾದ ಕೈಗೂಸಿನದೊಂದು. ಊರಿಗೆ ಟಿಕೆಟ್ ಬುಕ್ ಮಾಡುವ ಮೊದಲು ಎಲ್ಲರ ಐ-20 (ಎಫ್ ವೀಸಾದವರಿಗೆ ಯೂನಿವರ್ಸಿಟಿ ಕೊಡುವ ದಾಖಲೆ) ಮೇಲಿನ ಪ್ರಯಾಣದ ಸಹಿ ಹಳೆಯದಾಗಿದೆಯಾ ಅಂತಲೂ ನೋಡಿಕೊಳ್ಳಿ. ಓ, ಮೂರಾಯಿತು!

ವರ್ಷವಿಡೀ ಏನೇನಿದೆ

ಆಗಸ್ಟ್‌ನಲ್ಲಿ ತರಗತಿ ಶುರುವಾಗುವ ಹಿಂದಿನ ಭಾನುವಾರ ಕ್ಯಾಂಪಸ್ ನಡುವಿನ ಹುಲ್ಲುಮೈದಾನದಲ್ಲಿ ಕ್ವಾಡ್ ಡೇ. ನೂರಾರು ವಿದ್ಯಾರ್ಥಿ ಸಂಘಗಳು ಮೇಜು ಹಾಕಿಕೊಂಡು ನಿಂತಿರುತ್ತವೆ. ವಿದ್ಯಾರ್ಥಿಗಳಿಗೆ ಅಂತ ಹೆಸರು, ಆದರೆ ಗೇಟೂ ಇಲ್ಲ, ಟಿಕೆಟ್ಟೂ ಇಲ್ಲ. ಪ್ರ್ಯಾಮ್ ತಳ್ಳಿಕೊಂಡು ಹೋಗಿ ಬನ್ನಿ. ಹಾಗೇ ಮುಂದೆ ನಡೆದರೆ ಮಾರೋ ಪ್ಲಾಟ್ಸ್ ಸಿಗುತ್ತದೆ. 1876ರಿಂದ ಮೆಕ್ಕೆಜೋಳ ಬೆಳೆದು ಮಣ್ಣನ್ನು ಪರೀಕ್ಷಿಸುತ್ತಿರುವ ಸಣ್ಣ ಹೊಲ. ಅದಕ್ಕೆ ನೆರಳು ಬೀಳಬಾರದು ಅಂತ ಪಕ್ಕದ ಲೈಬ್ರರಿಯನ್ನೇ ನೆಲದಡಿ ಕಟ್ಟಿದರು. ಮಂಡ್ಯದಿಂದ ಬಂದ ನಮ್ಮ ಮಾವನವರಿಗೆ ಇಡೀ ಅಮೆರಿಕದಲ್ಲಿ ಹಿಡಿಸಿದ್ದು ಇದೊಂದೇ. 'ಇವರಿಗೆ ಹೊಲದ ಬೆಲೆ ಗೊತ್ತು ಕಣಮ್ಮ' ಅಂದರು.

ಮೇನಿಂದ ಅಕ್ಟೋಬರ್‌ವರೆಗೆ ಪ್ರತಿ ಶನಿವಾರ ಬೆಳಗ್ಗೆ ಅರ್ಬಾನಾದ ಲಿಂಕನ್ ಸ್ಕ್ವೇರ್ ಹತ್ತಿರ ರೈತರ ಸಂತೆ. ಬದನೆಕಾಯಿ, ಹಸಿಮೆಣಸು, ಒಮ್ಮೊಮ್ಮೆ ಬೆಂಡೆಕಾಯಿ. ಬೆಲೆ ಅಂಗಡಿಗಿಂತ ಜಾಸ್ತಿಯೇ, ಸುಳ್ಳು ಹೇಳುವುದಿಲ್ಲ. ಆದರೆ ನಮ್ಮ ಕೂಟದ ಅರ್ಧ ಸ್ನೇಹಗಳು ಶುರುವಾಗಿದ್ದು ಅಲ್ಲಿ, ಕನ್ನಡದಲ್ಲಿ ಚೌಕಾಸಿ ಲೆಕ್ಕ ಹಾಕುವವರ ದನಿ ಕಿವಿಗೆ ಬಿದ್ದು. ಅಲ್ಲಿಂದ ನಡೆದರೆ ಅರ್ಬಾನಾ ಫ್ರೀ ಲೈಬ್ರರಿ. ಪುಟ್ಟ ಮಕ್ಕಳಿಗೆ ಕಥೆ ಹೇಳುವ ಗಂಟೆ ಇರುತ್ತದೆ. ಚಳಿಗಾಲದಲ್ಲಿ ತಾಯಂದಿರಿಗೆ ಅದೇ ತವರುಮನೆ.

ಯೂನಿವರ್ಸಿಟಿಯ ಕ್ರ್ಯಾನರ್ಟ್ ಸೆಂಟರ್‌ನಲ್ಲಿ ಸಂಗೀತ, ನಾಟಕ, ಕುಣಿತ. ಹಲವು ಕಾರ್ಯಕ್ರಮಗಳಿಗೆ ಟಿಕೆಟ್ ಇರುವುದಿಲ್ಲ. ಫೆಬ್ರವರಿಯಲ್ಲಿ ಕೀಟಶಾಸ್ತ್ರದ ವಿದ್ಯಾರ್ಥಿಗಳು 'ಇನ್ಸೆಕ್ಟ್ ಫಿಯರ್ ಫಿಲ್ಮ್ ಫೆಸ್ಟಿವಲ್' ನಡೆಸುತ್ತಾರೆ, 1984ರಿಂದ ನಡೆದುಬಂದಿದೆ. ಹುಳದ ಸಿನಿಮಾ, ಜೊತೆಗೆ ಜೀವಂತ ಹುಳಗಳನ್ನು ಮುಟ್ಟಿ ನೋಡುವ ಅವಕಾಶ. ನನ್ನ ಮಗಳು ಅಂಗೈಯಗಲದ ಜಿರಳೆಯನ್ನು ಕೈಮೇಲೆ ಹತ್ತಿಸಿಕೊಂಡು 'ಅಮ್ಮಾ, ಫೋಟೊ!' ಅಂದಳು. ಫೋಟೊ ಅಲುಗಾಡಿದೆ. ವಸಂತದಲ್ಲಿ ಎಂಜಿನಿಯರಿಂಗ್ ಓಪನ್ ಹೌಸ್, ಮಕ್ಕಳನ್ನು ಎರಡೂ ದಿನ ಕರೆದುಕೊಂಡು ಹೋಗಿ.

ಕನ್ನಡ ಪುಸ್ತಕ ಬೇಕಾದರೆ, ಓದುವವರ ಖಾತೆಯಿಂದ ಅಂತರ-ಗ್ರಂಥಾಲಯ ಎರವಲಿಗೆ ಕೇಳಿಸಿ. ಶಿಕಾಗೊ ವಿಶ್ವವಿದ್ಯಾಲಯದಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ದೊಡ್ಡ ಸಂಗ್ರಹವಿದೆ. ಮೈಸೂರಿನ ಎ.ಕೆ. ರಾಮಾನುಜನ್ ಮೂರು ದಶಕ ಪಾಠ ಮಾಡಿದ್ದು ಅಲ್ಲೇ.

ಒಂದು ಮಂಗಳವಾರ

ಬಂದ ಹೊಸದರಲ್ಲಿ ಒಂದು ದಿನ ಬೆಳಗ್ಗೆ ಹತ್ತು ಗಂಟೆ. ಕುಕ್ಕರು ಎರಡು ಸೀಟಿ ಹೊಡೆದಿತ್ತು. ಮೂರನೆಯದಕ್ಕೆ ಕಾಯುತ್ತಿದ್ದರೆ ಊರೇ ಸೀಟಿ ಹೊಡೆಯಿತು. ಸೈರನ್! ಒಲೆ ಆರಿಸಿ, ಮಗಳನ್ನು ಎತ್ತಿಕೊಂಡು ಬಚ್ಚಲುಮನೆಗೆ ಹೋಗಿ ಟಬ್ಬಿನಲ್ಲಿ ಕೂತೆ. ಹತ್ತು ನಿಮಿಷ ಬಿಟ್ಟು ಇಣುಕಿದರೆ ಎದುರುಮನೆಯ ಅಜ್ಜಿ ನಾಯಿ ಜೊತೆ ವಾಕಿಂಗ್ ಹೋಗುತ್ತಿದ್ದರು. ಪ್ರತಿ ತಿಂಗಳ ಮೊದಲ ಮಂಗಳವಾರ ಹತ್ತಕ್ಕೆ ಸುಂಟರಗಾಳಿಯ ಸೈರನ್ ಪರೀಕ್ಷೆ ಮಾಡುತ್ತಾರಂತೆ. ಬೇರೆ ಹೊತ್ತಿನಲ್ಲಿ ಕೂಗಿದರೆ ಮಾತ್ರ ನಿಜ. ಆಗ ಕಿಟಕಿಯಿಂದ ದೂರ, ಎಲ್ಲಕ್ಕಿಂತ ಕೆಳಗಿನ ಮಹಡಿ, ಒಳಗಿನ ಕೋಣೆ.

ನಮ್ಮ ಕೂಟ

ಗಣೇಶನ ಹಬ್ಬ, ರಾಜ್ಯೋತ್ಸವ, ದೀಪಾವಳಿ, ಸಂಕ್ರಾಂತಿ, ಯುಗಾದಿ. ಹಬ್ಬ ಯಾವ ವಾರ ಬಂದರೂ ನಾವು ಮಾಡುವುದು ಶನಿವಾರ. ನವೆಂಬರ್ 1 ನಮಗೆ ಒಮ್ಮೊಮ್ಮೆ 7ಕ್ಕೂ ಬರುತ್ತದೆ. ಎಳ್ಳು-ಬೆಲ್ಲ ಬೀರಲು ಮನೆಮನೆಗೆ ಹೋಗಲಾಗದಷ್ಟು ಹಿಮ ಬಿದ್ದರೆ ಎಲ್ಲರೂ ಒಂದೇ ಮನೆಯಲ್ಲಿ ಸೇರುತ್ತೇವೆ. ಸೆಪ್ಟೆಂಬರ್‌ನಲ್ಲಿ ಮೆಡೋಬ್ರೂಕ್ ಪಾರ್ಕಿನಲ್ಲಿ ಬುತ್ತಿ ಊಟ ಇರುತ್ತದೆ. ಹೊಸಬರು ಆ ದಿನ ಏನೂ ಮಾಡಿಕೊಂಡು ಬರಬೇಕಾಗಿಲ್ಲ. ಚಳಿಗಾಲದ ಕೋಟು, ಮಕ್ಕಳ ಹಿಮದ ಬೂಟು, ಕಾರಿನ ಚೈಲ್ಡ್ ಸೀಟು ನಮ್ಮಲ್ಲಿ ಕೈಯಿಂದ ಕೈಗೆ ದಾಟುತ್ತಿರುತ್ತವೆ. ಕೋಟು ಅಂತೂ ಬೆಂಗಳೂರಿನಲ್ಲಿ ಕೊಳ್ಳಲೇಬೇಡಿ. ಅಲ್ಲಿನ 'ಭಾರಿ ದಪ್ಪ' ಇಲ್ಲಿನ ಅಕ್ಟೋಬರ್‌ಗೆ ಸಾಕಾಗುತ್ತದೆ, ಅಷ್ಟೇ.

ಗುಂಪಿಗೆ ಸೇರಿಸುವಾಗ ದಯವಿಟ್ಟು ಮನೆಯ ಇಬ್ಬರ ನಂಬರೂ ಕೊಡಿ. ಎಷ್ಟೋ ಸಲ ಓದುವವರ ನಂಬರ್ ಮಾತ್ರ ಬರುತ್ತದೆ. ಅವರು ಲ್ಯಾಬಿನಲ್ಲಿ ಕೂತು ಮೆಸೇಜ್ ನೋಡುವಷ್ಟರಲ್ಲಿ ಇಲ್ಲಿ ಹೋಳಿಗೆ ಖಾಲಿಯಾಗಿರುತ್ತದೆ.