ಹೊಸ ಟೈರ್ ಎರಡೇ ಇದ್ದರೆ ಹಿಂದಕ್ಕೆ ಹಾಕಿಸಿ

ಜುಲೈ ತಿಂಗಳ ಮಳೆಯಲ್ಲಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು. ಗಾಡಿ ಭಾವನದು. ವೇಗ ನಲವತ್ತೂ ಇರಲಿಲ್ಲ. ಒಂದು ತಿರುವಿನಲ್ಲಿ ಭಾವ ಸ್ವಲ್ಪ ಬ್ರೇಕ್ ಒತ್ತಿದರು, ಕಾರಿನ ಹಿಂಭಾಗ ಜಾರಿತು, ಗಿರ್ರನೆ ತಿರುಗಿ ಮತ್ತೆ ಕೊಟ್ಟಿಗೆಹಾರದ ಕಡೆಗೇ ಮುಖ ಮಾಡಿ ನಿಂತಿತು. ಪುಣ್ಯಕ್ಕೆ ಎದುರಿನಿಂದ ಬಸ್ಸು ಬರಲಿಲ್ಲ. "ಹೋದ ವಾರ ತಾನೇ ಹೊಸ ಟೈರ್ ಹಾಕಿಸಿದ್ದೆ" ಎಂದು ಭಾವ ಬಡಬಡಿಸಿದರು. ಹೌದು, ಹಾಕಿಸಿದ್ದರು. ಎರಡೇ ಟೈರ್, ಎರಡೂ ಮುಂದಕ್ಕೆ. ಹಿಂದೆ ಇದ್ದದ್ದು ನುಣ್ಣಗಾದ ಹಳೆಯವು.

ಟೈರ್ ಬದಲಿಸುವುದು ಅರ್ಧ ದಿನದ ಕೆಲಸ. ತಪ್ಪೆಲ್ಲ ಅಷ್ಟರೊಳಗೇ ಆಗುತ್ತದೆ. ಅಂಗಡಿಯವನಿಗೆ ಕೀ ಕೊಟ್ಟು ಟೀ ಕುಡಿಯಲು ಹೋಗಬೇಡಿ.

1. ಸವೆದಿದೆಯಾ ನೋಡಿ

ಟೈರಿನ ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ಉಬ್ಬು ಇರುತ್ತದೆ. ಟೈರ್ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದರೆ ಉಳಿದಿರುವುದು 1.6 ಮಿಲಿಮೀಟರ್. ಕಾನೂನಿನ ಮಿತಿ ಅಷ್ಟೇ. ನಾನಂತೂ ಅಲ್ಲಿಯವರೆಗೆ ಕಾಯುವುದಿಲ್ಲ. ಮಲೆನಾಡು, ಕರಾವಳಿಯಲ್ಲಿ ಓಡಾಡುವವರು ಮೇ ತಿಂಗಳಲ್ಲಿ ಅಳೆದಾಗ 3 ಮಿಲಿಮೀಟರಿಗಿಂತ ಕಮ್ಮಿ ಇದ್ದರೆ ಬದಲಿಸಿಬಿಡಿ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಒಳ ಅಂಚನ್ನೂ ನೋಡಿ. ಹೊರಗೆ ಚೆನ್ನಾಗಿದ್ದು ಒಳಗೆ ದಾರ ಕಾಣುವ ಟೈರ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ.

2. ಅಳತೆ

ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಸ್ಟಿಕ್ಕರ್ ಇರುತ್ತದೆ. ಅದರಲ್ಲಿ 185/65 ಆರ್15 88ಎಚ್ ಎಂದಿದ್ದರೆ ಅದನ್ನೇ ಕೇಳಿ. 88 ಎಂದರೆ ಒಂದು ಟೈರ್ 560 ಕೆ.ಜಿ. ಹೊರುತ್ತದೆ, ಎಚ್ ಎಂದರೆ ಗಂಟೆಗೆ 210 ಕಿ.ಮೀ. ತಡೆಯುತ್ತದೆ. ಇವೆರಡನ್ನೂ ಇಳಿಸಬೇಡಿ. ಲುಕ್ ಬರಲಿ ಅಂತ ದಪ್ಪ ಟೈರ್ ಹಾಕಿಸುವವರಿಗೆ ನನ್ನ ಹತ್ತಿರ ಸಲಹೆ ಇಲ್ಲ.

3. ಹುಟ್ಟಿದ ವಾರ

ಟೈರಿನ ಪಕ್ಕದಲ್ಲಿ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ. 2325 ಎಂದಿದ್ದರೆ 2025ನೇ ಇಸವಿಯ 23ನೇ ವಾರ. ಇದು ಸಾಮಾನ್ಯವಾಗಿ ಒಂದೇ ಬದಿಯಲ್ಲಿರುತ್ತದೆ. ಆ ಬದಿ ಒಳಗೆ ಹೋದರೆ ಆಮೇಲೆ ಕಾರಿನಡಿ ಮಲಗಿ ನೋಡಬೇಕು. ಆದ್ದರಿಂದ ರಿಮ್ಮಿಗೆ ಏರಿಸುವ ಮೊದಲೇ ಓದಿ. "ಗೋಡೌನಲ್ಲೇ ಇತ್ತು ಸಾರ್, ಏನಾಗಲ್ಲ" ಎನ್ನುತ್ತಾರೆ. ವರ್ಷ ದಾಟಿದ್ದು ನಾನು ತೊಗೊಳ್ಳುವುದಿಲ್ಲ. ಇನ್ನು ಸವೆದ ಟೈರಿಗೆ ಬಿಸಿ ಬ್ಲೇಡಿನಲ್ಲಿ ಗೀರು ಕೊರೆದು, ಪಾಲಿಶ್ ಬಳಿದು ಅರ್ಧ ಬೆಲೆಗೆ ಮಾರುವವರೂ ಇದ್ದಾರೆ. ಕಾರಿನ ಟೈರಿನಲ್ಲಿ ಹಾಗೆ ಕೊರೆಯುವಷ್ಟು ರಬ್ಬರ್ ಇರುವುದೇ ಇಲ್ಲ. ಪುಕ್ಕಟೆ ಕೊಟ್ಟರೂ ಬೇಡ.

4. ಯಾವುದು ಎಲ್ಲಿಗೆ

ಎಲ್ಲರೂ ಎಡವುವುದು ಇಲ್ಲೇ. ನಮ್ಮ ಸಣ್ಣ ಕಾರುಗಳಲ್ಲಿ ಎಂಜಿನ್ ಎಳೆಯುವುದು ಮುಂದಿನ ಚಕ್ರವನ್ನು, ತಿರುಗುವುದೂ ಅದೇ, ಬ್ರೇಕಿನ ಭಾರ ಜಾಸ್ತಿ ಬೀಳುವುದೂ ಅದಕ್ಕೇ. ಹಾಗಾಗಿ ಮುಂದಿನವು ಬೇಗ ಸವೆಯುತ್ತವೆ. ಸವೆದ ಜಾಗಕ್ಕೇ ಹೊಸದು ಹಾಕೋಣ ಅನ್ನಿಸುವುದು ಸಹಜ. ಆದರೆ ಹಾಕಬಾರದು.

ಗೀರುಗಳ ಕೆಲಸ ನೀರನ್ನು ಪಕ್ಕಕ್ಕೆ ದಬ್ಬುವುದು. ಗೀರು ಆಳವಿಲ್ಲದಿದ್ದರೆ ನೀರು ಟೈರಿನಡಿಯಲ್ಲೇ ಉಳಿದು ಗಾಡಿ ಅದರ ಮೇಲೆ ತೇಲುತ್ತದೆ. ಮುಂದಿನ ಚಕ್ರ ತೇಲಿದರೆ ಕಾರು ತಿರುಗದೆ ನೇರ ಹೋಗುತ್ತದೆ. ಸ್ಟೀರಿಂಗ್ ಹಗುರವಾಗಿ ಕೈಗೆ ಗೊತ್ತಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಸಾಮಾನ್ಯವಾಗಿ ಹಿಡಿತ ವಾಪಸ್ ಬರುತ್ತದೆ. ಹಿಂದಿನದು ತೇಲಿದರೆ ಕೈಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವಷ್ಟರಲ್ಲಿ ಹಿಂಭಾಗ ಮುಂದೆ ಬಂದಿರುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗಲಂತೂ ಭಾರವೆಲ್ಲ ಮುಂದಕ್ಕೆ ವಾಲಿ ಹಿಂದಿನ ಚಕ್ರ ಇನ್ನೂ ಹಗುರಾಗುತ್ತದೆ. ಚಾರ್ಮಾಡಿಯಲ್ಲಿ ನಮಗೆ ಆದದ್ದು ಇದೇ.

ಮಾಡಬೇಕಾದ್ದು ಇಷ್ಟು. ಮುಂದಿನ ಎರಡು ಚಕ್ರ ಬಿಚ್ಚಿಸಿ, ಆ ರಿಮ್ಮಿಗೆ ಹೊಸ ಟೈರ್ ಏರಿಸಿ. ಹಿಂದಿನ ಚಕ್ರಗಳನ್ನು ರಿಮ್ ಸಮೇತ ಮುಂದಕ್ಕೆ ತನ್ನಿ. ಹೊಸವು ಹಿಂದಕ್ಕೆ ಹೋಗಲಿ. ಅಂಗಡಿಯವರು ಗೊಣಗುತ್ತಾರೆ, ಎರಡರ ಬದಲು ನಾಲ್ಕು ಚಕ್ರ ಬಿಚ್ಚಬೇಕಲ್ಲ! "ಫ್ರಂಟ್ ವೀಲ್ ಡ್ರೈವ್ ಸಾರ್, ಹೊಸದು ಮುಂದೇ ಇರಬೇಕು" ಎಂದು ಪಾಠವನ್ನೂ ಹೇಳುತ್ತಾರೆ. ಕೇಳಬೇಡಿ. ಮುಂದಕ್ಕೆ ಬಂದವೂ ಬೋಳಾಗಿದ್ದರೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ, ನಾಲ್ಕನ್ನೂ ಬದಲಿಸಿ.

5. ಉಳಿದದ್ದು

ಗಾಳಿ ತುಂಬುವ ರಬ್ಬರ್ ವಾಲ್ವ್ ಹೊಸದು ಹಾಕಿಸಿ. ಪಕ್ಕದಲ್ಲಿ ಬಾಣದ ಗುರುತಿದ್ದರೆ ಅದು ಕಾರು ಮುಂದೆ ಹೋಗುವ ದಿಕ್ಕಿಗಿರಬೇಕು. ಬ್ಯಾಲೆನ್ಸಿಂಗ್ (ಚಕ್ರದ ತೂಕ ಸುತ್ತಲೂ ಸಮ ಮಾಡುವುದು), ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಎರಡೂ ಬೇಕು. ನಟ್ಟುಗಳನ್ನು ಅಂಗಡಿಯ ನಟ್ಟು ಬಿಗಿಯುವ ಗನ್ನಿನಿಂದ ಬಡಿದು ಬಿಗಿದರೆ ದಾರಿಯಲ್ಲಿ ಪಂಕ್ಚರ್ ಆದಾಗ ನಿಮ್ಮ ಕೈಯಲ್ಲಿ ಬಿಚ್ಚಲು ಆಗುವುದಿಲ್ಲ. ಕೊನೆಯ ಬಿಗಿ ಕೈ ಸ್ಪ್ಯಾನರಿನಲ್ಲೇ ಆಗಲಿ.

ಮೊದಲ 200-300 ಕಿ.ಮೀ. ಮೆಲ್ಲಗೆ ಓಡಿಸಿ. ಕಾರ್ಖಾನೆಯಲ್ಲಿ ಟೈರನ್ನು ಅಚ್ಚಿನಿಂದ ಬಿಡಿಸಲು ಬಳಿದ ಜಿಡ್ಡು ಹೋಗುವವರೆಗೆ ಹೊಸ ಟೈರೂ ಜಾರುತ್ತದೆ.

6. ಗಾಳಿ

ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿಗೆ ಟೈರ್ ಸಿಡಿಯುತ್ತದೆ ಎಂದು ಹೆದರಿ ಗಾಳಿ ಇಳಿಸುವವರಿದ್ದಾರೆ. ಪೂರ್ತಿ ಉಲ್ಟಾ. ಗಾಳಿ ಕಮ್ಮಿಯಾದಷ್ಟೂ ಟೈರಿನ ಪಕ್ಕ ಜಾಸ್ತಿ ಮಡಚಿ, ಬಿಸಿಯೇರಿ, ಅದರಿಂದಲೇ ಸಿಡಿಯುತ್ತದೆ. ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಸ್ಟಿಕ್ಕರಿನಲ್ಲಿ ಹೇಳಿದಷ್ಟು ಹಾಕಿಸಿ. ಬೆಳಿಗ್ಗೆ 32 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇದ್ದದ್ದು ಮಧ್ಯಾಹ್ನ ಹೈವೇಯಲ್ಲಿ 36 ತೋರಿಸಿದರೆ ಹಾಗೇ ಬಿಡಿ. ನೈಟ್ರೋಜನ್‌ಗೆ ಬೇರೆ ದುಡ್ಡು ಸುಮ್ನೆ ದಂಡ. ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ.

ಹಾಂ, ಸ್ಟೆಪ್ನಿಗೂ ಗಾಳಿ ಹಾಕಿಸಿ. ಭಾವನ ಸ್ಟೆಪ್ನಿಯಲ್ಲಿ ಅವತ್ತು 12 ಇತ್ತು.