‘ಮೂರ್ಸಂಜೆ’ ಅಂದರೆ ಎಷ್ಟು ಗಂಟೆ? ಅತ್ಯಾಚಾರ ಪ್ರಕರಣದ ಮೇಲ್ಮನವಿ ತೀರ್ಪು ಓದುವ ಬಗೆ

ಕಾರವಾರದಲ್ಲಿ ಶಿಕ್ಷೆ, ಧಾರವಾಡದಲ್ಲಿ ಬಿಡುಗಡೆ. ಇಂಥ ಸುದ್ದಿ ಬಂದ ದಿನ ಚಹಾ ಅಂಗಡಿಯಲ್ಲಿ ಎರಡೇ ಮಾತು. ‘ದುಡ್ಡು ಓಡಾಡಿರಬೇಕು’ ಅಂತ ಒಬ್ಬರು, ‘ಕೇಸೇ ಸುಳ್ಳು ಬಿಡಿ’ ಅಂತ ಇನ್ನೊಬ್ಬರು. ಇಬ್ಬರೂ ತೀರ್ಪು ಓದಿರುವುದಿಲ್ಲ. ಹೈಕೋರ್ಟ್ ತೀರ್ಪುಗಳು ಅದರ ವೆಬ್‌ಸೈಟಿನಲ್ಲೇ ಸಿಗುತ್ತವೆ. ಓದುವಾಗ ಕಣ್ಣು ಎಲ್ಲಿಡಬೇಕು ಅನ್ನುವುದೇ ಕಷ್ಟ, ಅಲ್ವಾ?

ಅದಕ್ಕೆ ಒಂದು ಕೇಸು ಕಟ್ಟಿಕೊಳ್ಳೋಣ. ಪೂರ್ತಿ ಕಲ್ಪನೆ. ಶಿರಸಿ ಕಡೆಯ ಒಬ್ಬ ಹೆಂಗಸು ಅಡಿಕೆ ಸುಲಿಯುವ ಕೆಲಸ ಮುಗಿಸಿ ಸೊಪ್ಪಿನ ಬೆಟ್ಟದ ದಾರಿಯಲ್ಲಿ ಮನೆಗೆ ಹೊರಟಿದ್ದಾಳೆ. ಗುರುತಿನವನೇ ಒಬ್ಬ ಅಡ್ಡ ಬಂದು ಅತ್ಯಾಚಾರ ಮಾಡಿದ ಎನ್ನುವುದು ಆರೋಪ. ದೂರು ಕೊಟ್ಟಿದ್ದು ಮೂರನೇ ದಿನ.

ಮೊದಲು, ಮೇಲ್ಮನವಿ ಹಾಕಿದವರು ಯಾರು ನೋಡಿ

ಇದು ತೀರ್ಪಿನ ಮೊದಲ ಪುಟದಲ್ಲೇ ಇರುತ್ತದೆ. ಜಿಲ್ಲೆಯ ಸೆಷನ್ಸ್ ಕೋರ್ಟಿನ ತೀರ್ಪಿನ ಮೇಲೆ ಹೋಗುವುದು ಹೈಕೋರ್ಟಿನ ಧಾರವಾಡ ಪೀಠಕ್ಕೆ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆದದ್ದು ಅದು. ಶಿಕ್ಷೆಯಾದವನಿಗೆ 60 ದಿನ, ಬಿಡುಗಡೆ ವಿರುದ್ಧ ಸರ್ಕಾರಕ್ಕೆ 90 ದಿನ ಗಡುವು. 2009ರ ಕೊನೆಯಿಂದ ಸಂತ್ರಸ್ತೆಗೂ ಸ್ವಂತ ಹಕ್ಕಿದೆ. ಹಾಗೆ ಮೇಲ್ಮನವಿ ಹಾಕಲು ಅವಳು ಕೋರ್ಟಿನ ಅನುಮತಿ ಕೇಳಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ್ದು ಕರ್ನಾಟಕದಿಂದಲೇ ಹೋದ ಪ್ರಕರಣದಲ್ಲಿ.

ಹಾಕಿದವರು ಯಾರು ಅನ್ನುವುದರ ಮೇಲೆ ತಕ್ಕಡಿಯೇ ಬದಲಾಗುತ್ತದೆ. ಶಿಕ್ಷೆಯಾದವನು ಹಾಕಿದ್ದರೆ ಹೈಕೋರ್ಟ್ ಇಡೀ ಸಾಕ್ಷ್ಯವನ್ನು ಹೊಸದಾಗಿ ತೂಗಬೇಕು. ಸುಮ್ನೆ ‘ಕೆಳಗಿನ ಕೋರ್ಟ್ ಸರಿ’ ಅಂದರೆ ಆಗುವುದಿಲ್ಲ. ಬಿಡುಗಡೆಯ ಮೇಲೆ ಹೋದ ಮನವಿಯಲ್ಲೂ ಸಾಕ್ಷ್ಯ ಪೂರ್ತಿ ತೆರೆದುಕೊಳ್ಳುತ್ತದೆ. ಆದರೆ ಅಲ್ಲಿ ಆರೋಪಿಗೆ ಎರಡು ಪಟ್ಟು ರಕ್ಷಣೆ. ತಪ್ಪು ಸಾಬೀತಾಗುವ ತನಕ ನಿರಪರಾಧಿ ಎನ್ನುವುದು ಒಂದು, ಒಂದು ಕೋರ್ಟ್ ಆಗಲೇ ಹಾಗೆಂದಿದೆ ಎನ್ನುವುದು ಇನ್ನೊಂದು. ಎರಡು ರೀತಿ ಓದಲು ಸಾಧ್ಯವಿದ್ದರೆ ಬಿಡುಗಡೆಯನ್ನು ಕದಲಿಸಬಾರದು. ‘ಚಂದ್ರಪ್ಪ ವರ್ಸಸ್ ಕರ್ನಾಟಕ ರಾಜ್ಯ’ ಎಂಬ 2007ರ ತೀರ್ಪಿನ ಹೆಸರು ಇಂಥ ಕಡೆ ಪದೇ ಪದೇ ಬರುವುದು ಇದಕ್ಕೇ.

ಆಮೇಲೆ ಅವಳ ಹೇಳಿಕೆ. ಇಲ್ಲಿ ನಿಧಾನ ಮಾಡಿ

ಹೈಕೋರ್ಟ್ ನ್ಯಾಯಮೂರ್ತಿಗಳು ಅವಳನ್ನು ನೋಡಿರುವುದೇ ಇಲ್ಲ. ಕಟಕಟೆಯಲ್ಲಿ ಅವಳು ಸೆರಗು ಹಿಂಡಿದ್ದು, ತಡವರಿಸಿದ್ದು ಕಂಡದ್ದು ಸೆಷನ್ಸ್ ನ್ಯಾಯಾಧೀಶರಿಗೆ ಮಾತ್ರ. ಘಟ್ಟ ಹತ್ತಿ ಧಾರವಾಡಕ್ಕೆ ಹೋಗುವುದು ಕಾಗದ. ‘ನಾನು ಕಣ್ಣಾರೆ ಕಂಡೆ, ನಂಬಿದೆ’ ಎಂದು ಕೆಳಗಿನವರು ಬರೆದಿದ್ದರೆ ಮೇಲಿನವರು ಅದಕ್ಕೆ ಬೆಲೆ ಕೊಡುತ್ತಾರೆ, ಕಾಗದವೇ ಅದಕ್ಕೆ ಉಲ್ಟಾ ಹೇಳದಿದ್ದರೆ.

ಕಾಗದದಲ್ಲಿ ಅವಳ ಮಾತು ಹಲವು ಕಡೆ ಇರುತ್ತದೆ. ಠಾಣೆಯಲ್ಲಿ ಬರೆದುಕೊಂಡ ಹೇಳಿಕೆ, ಮ್ಯಾಜಿಸ್ಟ್ರೇಟ್ ಮುಂದೆ ಕೊಟ್ಟದ್ದು, ಕೋರ್ಟಿನಲ್ಲಿ ಪ್ರಮಾಣ ಮಾಡಿ ನುಡಿದದ್ದು. ಸಾಕ್ಷ್ಯ ಅನ್ನಿಸಿಕೊಳ್ಳುವುದು ಕೊನೆಯದು ಮಾತ್ರ. ಮೊದಲಿನವು ಅದನ್ನು ಪಕ್ಕದಲ್ಲಿಟ್ಟು ಅಳೆಯಲಿಕ್ಕೆ.

ನಮ್ಮ ಕೇಸಿಗೆ ಬನ್ನಿ. ಠಾಣೆಯಲ್ಲಿ ಅವಳು ‘ಮೂರ್ಸಂಜೆ ಹೊತ್ತಿಗೆ’ ಅಂದಳು. ಬರೆದುಕೊಂಡವರು ‘ಮಧ್ಯಾಹ್ನ 3 ಗಂಟೆ’ ಅಂತ ಬರೆದರು. ಕೋರ್ಟಿನಲ್ಲಿ ಅವಳು ‘ದೀಪ ಹಚ್ಚುವ ಹೊತ್ತು’ ಅಂದಳು. ಪಾಟೀ ಸವಾಲಿನಲ್ಲಿ ವಕೀಲರು ಹಿಡಿದರು: ‘3 ಗಂಟೆ ಅಂತ ಹೇಳಿದ್ದೀರಿ ಅಲ್ವಾ?’ ‘ಇಲ್ಲ, ನಾನು ಹಾಗೆ ಹೇಳಲಿಲ್ಲ.’ ದಾಖಲೆಯಲ್ಲಿ ಉಳಿಯುವುದು ಇಷ್ಟೇ. ಆಮೇಲೆ ಅದು ಇಂಗ್ಲಿಷಿಗೆ ಹೋಗುತ್ತದೆ. ಮೂರ್ಸಂಜೆ ಎಲ್ಲೋ ಕಳೆದುಹೋಯಿತು!

ಈಗ ಮೇಲ್ಮನವಿ ಕೋರ್ಟ್ ಎರಡು ಪ್ರಶ್ನೆ ಕೇಳಬೇಕು. ಈ ವ್ಯತ್ಯಾಸ ಕಾನೂನು ಪ್ರಕಾರ ಸಾಬೀತಾಗಿದೆಯೇ? ಹಳೆಯ ಹೇಳಿಕೆಯ ಆ ಭಾಗವನ್ನೇ ಅವಳ ಗಮನಕ್ಕೆ ತಂದು, ಅವಳು ಅಲ್ಲಗಳೆದರೆ ತನಿಖಾಧಿಕಾರಿಯ ಬಾಯಿಂದ ‘ಹೌದು, ಹೀಗೇ ಹೇಳಿದ್ದಳು’ ಅನ್ನಿಸಬೇಕು. ಎಷ್ಟೋ ಸಲ ಈ ಎರಡನೇ ಕೆಲಸ ಬಿಟ್ಟುಹೋಗಿರುತ್ತದೆ. ಬಿಟ್ಟುಹೋದರೆ ಆ ವ್ಯತ್ಯಾಸ ಲೆಕ್ಕಕ್ಕಿಲ್ಲ.

ಎರಡನೆಯದು, ವ್ಯತ್ಯಾಸ ತಿರುಳಿನದೋ ಸಿಪ್ಪೆಯದೋ? ಯಾರು, ಏನು ಮಾಡಿದ, ಎಲ್ಲಿ ಎನ್ನುವುದು ತಿರುಳು. ಗಂಟೆ ಸಾಮಾನ್ಯವಾಗಿ ಸಿಪ್ಪೆ. ಆದರೆ ದೀಪ ಹಚ್ಚುವ ಹೊತ್ತಿಗೆ ಆರೋಪಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದ ಎಂದು ದಾಖಲೆ ಸಮೇತ ತೋರಿಸಿದರೆ? ಆಗ ಅದೇ ಗಂಟೆ ತಿರುಳಾಗುತ್ತದೆ. ಹಾಗಾಗಿ ‘ಸಣ್ಣಪುಟ್ಟ ವ್ಯತ್ಯಾಸ’ ಎಂದು ತೀರ್ಪಿನಲ್ಲಿ ಬರೆದಿದ್ದರೆ, ಯಾಕೆ ಸಣ್ಣದು ಎಂದು ಹೇಳಿದ್ದಾರಾ ನೋಡಿ. ಕಾರಣ ಕೊಡದೆ ಸಣ್ಣದು ಅನ್ನುವುದೂ ತಪ್ಪು, ದೊಡ್ಡದು ಅನ್ನುವುದೂ ತಪ್ಪು.

ಅವಳೊಬ್ಬಳ ಮಾತು ಸಾಕೇ? ಸಾಕು. 1996ರ ಗುರ್ಮೀತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಗಾಯಗೊಂಡ ಸಾಕ್ಷಿಯ ಮಾತಿಗೆ ಎಷ್ಟು ತೂಕವೋ ಇವಳ ಮಾತಿಗೂ ಅಷ್ಟು. ನಂಬಿಕೆ ಬಂದರೆ ಬೇರೆ ಸಾಕ್ಷಿ ಹುಡುಕಬೇಕಿಲ್ಲ. ಆದರೆ ಒಂಟಿ ಮಾತಿನ ಮೇಲೆ ಶಿಕ್ಷೆ ಕೊಡಬೇಕಾದರೆ ಆ ಮಾತು ಮೊದಲಿಂದ ಕೊನೆವರೆಗೆ ಅಲುಗಬಾರದು ಎನ್ನುತ್ತದೆ 2012ರ ರಾಯ್ ಸಂದೀಪ್ ತೀರ್ಪು. ಆರೋಪಿ ಪರ ವಕೀಲರು ಎರಡನೆಯದನ್ನು ಓದುತ್ತಾರೆ, ಸರ್ಕಾರಿ ವಕೀಲರು ಮೊದಲನೆಯದನ್ನು.

ವೈದ್ಯರ ಕಾಗದ, ತಡವಾದ ದೂರು

‘ಮೈಮೇಲೆ ಗಾಯ ಇಲ್ಲ’ ಎಂಬ ಸಾಲು ಕಂಡ ಕೂಡಲೇ ತೀರ್ಮಾನಕ್ಕೆ ಬರಬೇಡಿ. ಈ ಸಾಲು ಏನು ಮಾಡಬಲ್ಲದು ಅನ್ನುವುದಕ್ಕೆ 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ ಆದಿವಾಸಿ ಹುಡುಗಿಯ ಮೇಲೆ ನಡೆದ ಘಟನೆ ಸಾಕು. ಸೆಷನ್ಸ್ ಕೋರ್ಟ್ ಪೊಲೀಸರನ್ನು ಬಿಟ್ಟಿತು. ಹೆದರಿ ಸುಮ್ಮನಿದ್ದದ್ದು ಒಪ್ಪಿಗೆಯಲ್ಲ ಎಂದು ಹೈಕೋರ್ಟ್ ಶಿಕ್ಷಿಸಿತು. ಗಾಯವಿಲ್ಲ, ಪ್ರತಿರೋಧದ ಗುರುತಿಲ್ಲ ಎಂದು 1978ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಬಿಟ್ಟಿತು. ಅವೇ ಕಾಗದ, ಮೂರು ಕೋರ್ಟ್! ಮರುವರ್ಷ ನಾಲ್ವರು ಕಾನೂನು ಅಧ್ಯಾಪಕರು ಬಹಿರಂಗ ಪತ್ರ ಬರೆದರು, ದೇಶದಲ್ಲಿ ಗಲಾಟೆಯಾಯಿತು, 1983ರಲ್ಲಿ ಕಾನೂನೇ ಬದಲಾಯಿತು. ಪೊಲೀಸ್ ವಶದಲ್ಲಿ ಆದಂಥ ಪ್ರಕರಣಗಳಲ್ಲಿ ಲೈಂಗಿಕ ಸಂಪರ್ಕ ಸಾಬೀತಾಗಿ, ಒಪ್ಪಿರಲಿಲ್ಲ ಎಂದು ಅವಳು ಕೋರ್ಟಿನಲ್ಲಿ ಹೇಳಿದರೆ, ಕೋರ್ಟ್ ಹಾಗೇ ಎಂದುಕೊಳ್ಳಬೇಕು. ಹಾಗಲ್ಲ ಎಂದು ತೋರಿಸುವುದು ಆರೋಪಿಯ ಕೆಲಸ. ಮೈಯಿಂದ ಪ್ರತಿರೋಧಿಸಲಿಲ್ಲ ಅನ್ನುವುದೊಂದರಿಂದಲೇ ಒಪ್ಪಿಗೆ ಆಗದು ಎಂಬ ಮಾತು 2013ರಿಂದ ಕಾನೂನಿನೊಳಗೇ ಇದೆ.

ಹೆಂಗಸಿಗೆ ಮೊದಲೇ ಲೈಂಗಿಕ ಸಂಪರ್ಕವಿತ್ತೇ ಎಂದು ವೈದ್ಯರು ಬೆರಳಿಟ್ಟು ನೋಡುತ್ತಿದ್ದ ‘ಎರಡು ಬೆರಳಿನ ಪರೀಕ್ಷೆ’ಯ ಪ್ರಸ್ತಾಪ ಹಳೆಯ ದಾಖಲೆಗಳಲ್ಲಿ ಇನ್ನೂ ಸಿಗುತ್ತದೆ. ಅದನ್ನು ಮಾಡುವುದೇ ದುರ್ನಡತೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಮೂರು ದಿನದ ತಡಕ್ಕೆ ಬಂದರೆ, ತಡವಾಯಿತು ಎನ್ನುವುದಕ್ಕಿಂತ ಅದಕ್ಕೆ ಕಾರಣ ಸಾಕ್ಷ್ಯದಲ್ಲಿ ಇದೆಯೇ ಎನ್ನುವುದು ಮುಖ್ಯ. ‘ಗಂಡ ಘಟ್ಟದ ಕೆಳಗೆ ಕೆಲಸಕ್ಕೆ ಹೋಗಿದ್ದರು, ಬಂದ ಮೇಲೆ ಹೇಳಿದೆ’ ಎಂದು ಅವಳು ನುಡಿದಿದ್ದರೆ ಸಾಮಾನ್ಯವಾಗಿ ಕೋರ್ಟ್ ಒಪ್ಪುತ್ತದೆ. ಮಹಜರಿನ ಪಂಚರು, ಅಂದರೆ ಪೊಲೀಸರು ಸ್ಥಳ ನೋಡಿ ಬರೆದುಕೊಂಡಾಗ ಸಾಕ್ಷಿಯಾಗಿ ಸಹಿ ಹಾಕಿದವರು, ಉಲ್ಟಾ ಹೊಡೆದರು ಅನ್ನುವುದೊಂದರಿಂದಲೇ ಕೇಸು ಬೀಳುವುದಿಲ್ಲ.

ಕೊನೆಗೆ ಆದೇಶದ ಭಾಗ

‘ಸಂಶಯದ ಲಾಭ’ ಎಂದಿದ್ದರೆ ಸಂಶಯ ಉಳಿಯದಂತೆ ತಪ್ಪು ಸಾಬೀತಾಗಲಿಲ್ಲ ಎಂದಷ್ಟೇ ಅರ್ಥ, ಅವಳು ಸುಳ್ಳು ಹೇಳಿದಳು ಎಂದು ಕೋರ್ಟ್ ಹೇಳಿಲ್ಲ. ಚಹಾ ಅಂಗಡಿಯ ಎರಡನೆಯವರಿಗೆ ಇದನ್ನು ತಿಳಿಸಿ. ಸುಪ್ರೀಂ ಕೋರ್ಟಿಗೆ ಹೋಗಬಹುದು, ಆದರೆ ಅಲ್ಲಿ ಸಾಕ್ಷ್ಯವನ್ನು ಮತ್ತೆ ಬಿಚ್ಚುವುದು ಕಡಿಮೆ.

ತೀರ್ಪನ್ನು ವಾಟ್ಸ್ಆ್ಯಪಿಗೆ ಹಾಕುವ ಮುಂಚೆ ಒಂದು ಮಾತು. ಅವಳ ಗುರುತು ಬಿಟ್ಟುಕೊಟ್ಟರೆ 2 ವರ್ಷದವರೆಗೆ ಜೈಲು. ಗುರುತು ಅಂದರೆ ಹೆಸರು ಮಾತ್ರ ಅಲ್ಲ, ಅವಳು ಯಾರೆಂದು ತಿಳಿಯುವಂತೆ ಮಾಡುವ ಯಾವುದೇ ವಿವರ. ಅಡಿಕೆ ಸುಲಿಯಲು ಹೋಗಿದ್ದ ಮನೆ ಯಾವುದು ಅಂತ ಹೇಳಿದರೆ ಸಾಕು, ನಮ್ಮ ಹಳ್ಳಿಗಳಲ್ಲಿ ಹೆಸರು ಬೇಕೇ ಇಲ್ಲ.